ಹಿತ್ತಲಿನ ವಿಮಾನಕ್ಕೆ ಇನ್ಸ್‌ಪೆಕ್ಟರ್ ಯಾರು?

ತುಮಕೂರಿನ ಸದಾಶಿವನಗರದಲ್ಲಿ ನಮ್ಮದು ನಲವತ್ತು-ಅರವತ್ತರ ಸೈಟು. ಮನೆ ಕಟ್ಟಿ ಉಳಿದ ಹಿಂದಿನ ಜಾಗಕ್ಕೆ ಶೀಟು ಹೊದಿಸಿಕೊಂಡಿದ್ದೇನೆ. ಒಳಗಡೆ ಅಳೆದರೆ 22 ಅಡಿ ಉದ್ದ, 12 ಅಡಿ ಅಗಲ. ಒಂದು ವೈಸು, ಒಂದು ಬೆಂಚ್ ಡ್ರಿಲ್ಲು, ಅರಗಳ ಸಾಲು. ನಿವೃತ್ತಿಯಾದ ಮೇಲೆ ನನ್ನ ದಿನದ ಅರ್ಧ ಭಾಗ ಅಲ್ಲೇ ಕಳೆಯುತ್ತದೆ. ಕಳೆದ ವರ್ಷ ಯುಗಾದಿಯ ಮಾರನೆಯ ದಿನ ನಾನು ಟೇಪು ಹಿಡಿದು ಆ ಶೆಡ್ಡನ್ನೂ, ಪಕ್ಕದ ಓಣಿಯನ್ನೂ, ಮುಂದಿನ ಗೇಟನ್ನೂ ಅಳೆಯುತ್ತಿದ್ದೆ. ಟೇಪಿನ ಇನ್ನೊಂದು ತುದಿ ಹಿಡಿದಿದ್ದ ನನ್ನ ಹೆಂಡತಿ ಕೇಳಿದಳು:

"ಅಲ್ಲಾ ರೀ, ಒಳಗೆ ಕಟ್ತೀರಿ, ಸರಿ. ಹೊರಕ್ಕೆ ಹೆಂಗ್ ತರ್ತೀರಿ?"

ರೆಕ್ಕೆ ಬೇರೆ, ಒಡಲು ಬೇರೆ ಕಟ್ಟುವುದು, ಎರಡನ್ನೂ ಲಾರಿಯಲ್ಲಿ ಏರ್‌ಫೀಲ್ಡಿಗೆ ಒಯ್ದು ಅಲ್ಲಿ ಜೋಡಿಸುವುದು, ಒಡಲಿನ ಅಗಲ ನಾಲ್ಕಡಿ ದಾಟುವುದಿಲ್ಲ, ಗೇಟು ಏಳಡಿ ಇದೆ ಎಂದೆ. ಅವಳು ಟೇಪು ಸುತ್ತಿ ಕೈಗೆ ಕೊಟ್ಟಳು.

"ಸರಿ. ನೀವು ಮಾಡಿದ್ದನ್ನ ನೋಡೋರು ಯಾರು? ಫ್ಯಾಕ್ಟ್ರೀಲಿ ಇನ್ಸ್‌ಪೆಕ್ಷನ್‌ನೋರು ಇದ್ರು. ಇಲ್ಲಿ ಯಾರಿದಾರೆ?"

ಮೊದಲ ಪ್ರಶ್ನೆಗೆ ನನ್ನ ಹತ್ತಿರ ಅಳತೆ ಇತ್ತು. ಎರಡನೆಯದಕ್ಕೆ ಏನೂ ಇರಲಿಲ್ಲ. ಮನೆಯಲ್ಲಿ ವಿಮಾನ ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸಲು ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷವೆಲ್ಲ ಹುಡುಕಿದ್ದು ಈ ಎರಡನೆಯ ಪ್ರಶ್ನೆಯ ಉತ್ತರವನ್ನೇ.

ಬಟ್ಟೆಯ ವಿಮಾನ

ನಾನು ತುಮಕೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಕೆಲಸ ಮಾಡಿದವನು. ವಿಮಾನದ ಆಸೆ ಮಾತ್ರ ಕಾರ್ಖಾನೆಗಿಂತ ಹಳೆಯದು. ನನಗೆ ಹನ್ನೆರಡು ವರ್ಷವಿದ್ದಾಗ ಅಪ್ಪ ಬೆಂಗಳೂರಿಗೆ ಯಾವುದೋ ಮದುವೆಗೆ ಕರೆದುಕೊಂಡು ಹೋದವರು ಹಿಂದಿರುಗುವಾಗ ಜಕ್ಕೂರಿನಲ್ಲಿ ಬಸ್ಸಿಳಿಸಿ ಏರ್‌ಫೀಲ್ಡ್ ತೋರಿಸಿದರು. ಬೇಲಿಯ ಹತ್ತಿರವೇ ಒಂದು ಪುಷ್ಪಕ್ ನಿಂತಿತ್ತು. ಅಲ್ಲಿದ್ದ ಮೆಕ್ಯಾನಿಕ್ ಒಬ್ಬರು ಕರೆದು, ಮುಟ್ಟಿ ನೋಡು ಎಂದರು. ಮುಟ್ಟಿದೆ. ಅದು ಬಟ್ಟೆ! ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು ಬಂತು. ವಿಮಾನವೆಂದರೆ ಪೂರ್ತಿ ಕಬ್ಬಿಣವೆಂದುಕೊಂಡಿದ್ದ ಹುಡುಗನ ಕಿವಿಯಲ್ಲಿ ಆ ಸದ್ದು ಇವತ್ತಿಗೂ ಇದೆ.

ಪುಷ್ಪಕ್ ನಮ್ಮ ಬೆಂಗಳೂರಿನದೇ ವಿಮಾನ. ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಮಾಡಿದ್ದು. ಮೊದಲು ಹಾರಿದ್ದು 1958ರಲ್ಲಿ. ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್, ಉಕ್ಕಿನ ಕೊಳವೆಯ ಚೌಕಟ್ಟಿನ ಮೇಲೆ ಬಿಗಿದ ಬಟ್ಟೆ. ಅಂಥವು ನೂರೈವತ್ತಕ್ಕೂ ಹೆಚ್ಚು ತಯಾರಾದವು. ಕೊಳವೆ, ಬಟ್ಟೆ, ತಂತಿ, ಬೋಲ್ಟು: ಎಲ್ಲವೂ ಕೈಗೆ ಸಿಗುವ, ಕಣ್ಣಿಗೆ ಅರ್ಥವಾಗುವ ಸಾಮಾನುಗಳು. ಮನುಷ್ಯ ಕೈಯಲ್ಲಿ ಮಾಡಬಹುದಾದ ವಸ್ತು ಇದು ಎಂಬ ನಂಬಿಕೆ ನನ್ನೊಳಗೆ ಬೇರುಬಿಟ್ಟಿದ್ದು ಅವತ್ತು.

ಕಿಟ್ ಅಂದರೇನು?

ಕಿಟ್ ವಿಮಾನವೆಂದರೆ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ವಿಮಾನ. ಕಂಪನಿ ಲೆಕ್ಕ ಹಾಕಿ, ಮಾದರಿ ವಿಮಾನವನ್ನು ಹಾರಿಸಿ ಪರೀಕ್ಷಿಸಿ, ಆಮೇಲೆ ಅದೇ ಭಾಗಗಳನ್ನು ಕತ್ತರಿಸಿ, ಮಡಿಸಿ, ತೂತು ಹೊಡೆದು, ನಕ್ಷೆ ಮತ್ತು ಸೂಚನೆಯ ಪುಸ್ತಕದೊಂದಿಗೆ ಕಳಿಸುತ್ತದೆ. ಜೋಡಿಸುವುದು ಕೊಂಡವನ ಕೆಲಸ. ಅಮೆರಿಕದಲ್ಲಿ ಇದಕ್ಕೆ ಶೇಕಡಾ 51ರ ನಿಯಮ ಎಂಬ ಹೆಸರಿದೆ. ವಿಮಾನದ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಕಲಿಕೆಗಾಗಿ ಅಥವಾ ಹವ್ಯಾಸಕ್ಕಾಗಿ ಹವ್ಯಾಸಿಗಳೇ ಮಾಡಿದ್ದರೆ ಅದು ಹವ್ಯಾಸಿ ಕಟ್ಟಿದ ವಿಮಾನ. ಹಾಗೆ ಮಾಡಿದ್ದಕ್ಕೆ ಸಾಕ್ಷಿ ಬೇಕು. ಆದ್ದರಿಂದ ಕಟ್ಟುವವರೆಲ್ಲ ದಿನಚರಿ ಬರೆಯುತ್ತಾರೆ, ಹಂತಹಂತಕ್ಕೂ ಫೋಟೋ ತೆಗೆದಿಡುತ್ತಾರೆ.

ಈ ಹವ್ಯಾಸ ಹೊಸದಲ್ಲ. ಪಾಲ್ ಪೊಬೆರೆಜ್ನಿ ಎಂಬುವರು 1953ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಇಂಥವರದೇ ಒಂದು ಸಂಘ ಕಟ್ಟಿದರು. ಆ ಸಂಘದ ಜಾತ್ರೆ ಇಂದಿಗೂ ಪ್ರತಿ ಜುಲೈ ಕೊನೆಯಲ್ಲಿ ಆಶ್‌ಕಾಶ್ ಎಂಬ ಊರಿನಲ್ಲಿ ನಡೆಯುತ್ತದೆ. ರಿಚರ್ಡ್ ವಾನ್‌ಗ್ರನ್ಸ್‌ವೆನ್ 1973ರಲ್ಲಿ ಶುರುಮಾಡಿದ ವ್ಯಾನ್ಸ್ ಕಂಪನಿಯ ಕಿಟ್ಟುಗಳಿಂದ ಜನ ಕಟ್ಟಿ ಹಾರಿಸಿದ ವಿಮಾನಗಳೇ ಹನ್ನೊಂದು ಸಾವಿರ ದಾಟಿವೆ.

ಹೊರದೇಶದ ಮಾತು ಹಾಗಿರಲಿ. ಬೆಂಗಳೂರಿನಿಂದಲೇ ಪೆಟ್ಟಿಗೆಯಲ್ಲಿ ವಿಮಾನಗಳು ಯುರೋಪಿಗೆ ಹೋಗುತ್ತಿದ್ದವು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಫ್ರಾನ್ಸಿನಿಂದ ಬಂದು ಇಲ್ಲಿ ನೆಲೆಸಿದ ಜೋಯೆಲ್ ಕೆಕ್ಲಿನ್ ಅವರು ಬೆಳೆಸಿದ ರಾಜ್‌ಹಂಸ ಅಲ್ಟ್ರಾಲೈಟ್ಸ್ ಕಂಪನಿ ಎಕ್ಸ್-ಏರ್ ಎಂಬ ಎರಡು ಸೀಟಿನ ಹಗುರ ವಿಮಾನಗಳನ್ನು ತಯಾರಿಸಿತು. ಅಲ್ಯೂಮಿನಿಯಂ ಕೊಳವೆಗಳನ್ನು ಬೋಲ್ಟು ಹಾಕಿ ಜೋಡಿಸಿ, ಹೊಲಿದು ಸಿದ್ಧಮಾಡಿದ ಡೇಕ್ರಾನ್ ಬಟ್ಟೆಯನ್ನು ರೆಕ್ಕೆಗೆ ದಿಂಬಿನ ಗೌಸಿನಂತೆ ಎಳೆದು ಬಿಗಿಯುವುದು ಅದರ ರೀತಿ. ಅದರ ಒಂದು ಮಾದರಿಗೆ ಹನುಮಾನ್ ಎಂದೇ ಹೆಸರು. ಫ್ರಾನ್ಸಿನಲ್ಲಿ, ಇಂಗ್ಲೆಂಡಿನಲ್ಲಿ ಎಷ್ಟೋ ಜನ ತಮ್ಮ ಮನೆಯ ಗ್ಯಾರೇಜಿನಲ್ಲಿ ಬಿಚ್ಚಿದ್ದು ನಮ್ಮ ಊರಿನವರ ಕೈಯಿಂದ ಹೊರಟ ಪೆಟ್ಟಿಗೆಗಳನ್ನು.

ನಮ್ಮ ರಾಷ್ಟ್ರೀಯ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ಚರಿತ್ರೆಯಲ್ಲೂ ಮನೆಯಲ್ಲಿ ಕಟ್ಟುವ ವಿಮಾನವೊಂದಿದೆ. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ್ದ ಲಾಂಗ್-ಈಝಡ್ ಎಂಬ ವಿಮಾನದ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಎನ್‌ಎಎಲ್ ಒಂದು ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಅದು ಗಾಜಿನ ನಾರು ಮತ್ತು ರಾಳದಿಂದ ಮಾಡುವ ವಿಮಾನ. ಆರು ವರ್ಷದ ನಂತರ, 1993ರ ನವೆಂಬರಿನಲ್ಲಿ, ಅದೇ ಸಂಸ್ಥೆಯ ಹಂಸ ಹಾರಿತು. ಅದರ ಒಡಲೂ ನಾರು-ರಾಳದ್ದೇ. ಹವ್ಯಾಸಿಯ ಗ್ಯಾರೇಜಿಗೆಂದು ಬರೆದ ನಕ್ಷೆಯನ್ನು ವಿಜ್ಞಾನಿಗಳು ಕೈಯಾರೆ ಕಟ್ಟಿ ನೋಡಿದರು ಎಂಬುದು ನನಗೆ ತುಂಬಾ ಗೌರವದ ಸಂಗತಿಯಾಗಿ ಕಾಣುತ್ತದೆ.

ನನ್ನ ಕೈಗೆ ಯಾವುದು ಒಗ್ಗುತ್ತದೆ?

ಹೀಗೆ ಆಯ್ಕೆಗಳು ಮುಖ್ಯವಾಗಿ ಮೂರು: ಕೊಳವೆ-ಬಟ್ಟೆ, ನಾರು-ರಾಳ, ಅಲ್ಯೂಮಿನಿಯಂ ಹಾಳೆ. ಕೊಳವೆ-ಬಟ್ಟೆಯದು ಬೇಗ ಮುಗಿಯುತ್ತದೆ, ಆದರೆ ಬಿಸಿಲಿಗೆ ಬಟ್ಟೆ ಬಳಲುತ್ತದೆ. ನಾರು-ರಾಳದ ಕೆಲಸಕ್ಕೆ ಕೋಣೆಯ ಶಾಖ, ತೇವ ಎರಡೂ ಹಿಡಿತದಲ್ಲಿರಬೇಕು. ಒಳಗೆ ಗಾಳಿಗುಳ್ಳೆ ಉಳಿದರೆ ಹೊರಗಿನಿಂದ ಕಾಣದು. ಲೋಹ ನನಗೆ ಗೊತ್ತು. ಅದು ತಪ್ಪಿದರೆ ತಪ್ಪಿದ ಗುರುತನ್ನು ತೋರಿಸುತ್ತದೆ. ಹಾಗಾಗಿ ಅಲ್ಯೂಮಿನಿಯಂ ಎಂದು ಮನಸ್ಸು ಮಾಡಿದೆ. ಲೆಕ್ಕ ಹಾಕಲು ವ್ಯಾನ್ಸ್‌ನವರ ಆರ್‌ವಿ-7 ಎಂಬ ಎರಡು ಸೀಟಿನ ಮಾದರಿ ಇಟ್ಟುಕೊಂಡೆ: ರೆಕ್ಕೆಯ ತುದಿಯಿಂದ ತುದಿಗೆ 25 ಅಡಿ, ಉದ್ದ 20 ಅಡಿ ಚಿಲ್ಲರೆ. ಇಂಥದ್ದಕ್ಕೆ ಸಾಮಾನ್ಯವಾಗಿ ಒಂದೂವರೆ ಸಾವಿರದಿಂದ ಎರಡು ಸಾವಿರ ಗಂಟೆ ಕೆಲಸ. ದಿನಕ್ಕೆ ಎರಡು ಗಂಟೆಯಂತೆ ಒಂದು ದಿನವೂ ಬಿಡದೆ ಕೂತರೆ ಎರಡರಿಂದ ಎರಡೂಮುಕ್ಕಾಲು ವರ್ಷ. ಹತ್ತು ಸಾವಿರಕ್ಕೂ ಮಿಕ್ಕಿ ರಿವೆಟ್ಟು.

ಕಟ್ಟುವವರು ಬಾಲದಿಂದ ಶುರುಮಾಡುತ್ತಾರೆ. ಬಾಲದ ಕಿಟ್ ಚಿಕ್ಕದು, ಅಗ್ಗದ್ದು. ರೆಕ್ಕೆಯಲ್ಲಿ ಬರುವ ಎಲ್ಲ ಕೆಲಸಗಳೂ ಅದರಲ್ಲಿ ಸಣ್ಣ ಗಾತ್ರದಲ್ಲಿ ಬಂದುಹೋಗುತ್ತವೆ. ಮುಗಿಸಲು ಆಗದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ನಾನು ಇನ್ನೂ ಒಂದು ಹೆಜ್ಜೆ ಹಿಂದಿನಿಂದ ಹೊರಟೆ. ಒಂದಡಿ ಉದ್ದ, ಅರ್ಧ ಅಡಿ ಅಗಲದ ಒಂದು ಅಭ್ಯಾಸದ ತುಂಡು: ಎರಡು ಹಾಳೆ, ನಡುವೆ ಎರಡು ಪಕ್ಕೆಲುಬು, 48 ರಿವೆಟ್ಟು.

ಮೊದಲ ಪಕ್ಕೆಲುಬು ಮಡಿಸುವಾಗಲೇ ಸೀಳಿತು. ವಿಮಾನದ ಹಾಳೆ ಪಾತ್ರೆ ಅಂಗಡಿಯ ಅಲ್ಯೂಮಿನಿಯಂ ಅಲ್ಲ. 2024 ಎಂಬ ಸಂಖ್ಯೆಯ ಆ ಮಿಶ್ರಲೋಹದಲ್ಲಿ ಶೇಕಡಾ ನಾಲ್ಕರಷ್ಟು ತಾಮ್ರ ಸೇರಿರುತ್ತದೆ. ಅದಕ್ಕೇ ಅಷ್ಟು ಬಲ. ಆದರೆ ಮಡಿಕೆ ತೀರಾ ಚೂಪಾದರೆ ಸಹಿಸುವುದಿಲ್ಲ. ಹಾಳೆಯನ್ನು ರೋಲರಿನಲ್ಲಿ ಎಳೆದ ದಿಕ್ಕಿಗೆ ಒಂದು ಎಳೆ ಇರುತ್ತದೆ, ಮರಕ್ಕಿರುವ ಹಾಗೆ. ಮಡಿಕೆಯ ಗೆರೆ ಆ ಎಳೆಯ ಜೊತೆಜೊತೆಗೇ ಸಾಗಿದರೆ ಬಿರುಕು ಬೇಗ. ನಾನು ತುಂಡು ಉಳಿಸುವ ಆಸೆಗೆ ಎಳೆ ನೋಡದೆ ಕತ್ತರಿಸಿದ್ದೆ. ಕಣ್ಣಿಗೆ ಲೂಪ್ ಹಾಕಿ ನೋಡಿದರೆ ಮಡಿಕೆಯ ಹೊರಮೈಯಲ್ಲಿ ಕೂದಲಿಗಿಂತ ಸಣ್ಣ ಗೆರೆಗಳು. ಬರಿಗಣ್ಣಿಗೆ ಅವು ಕಾಣುತ್ತಿರಲಿಲ್ಲ. ಬಣ್ಣ ಹೊಡೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡನೆಯದನ್ನು ಎಳೆಗೆ ಅಡ್ಡವಾಗಿ, ಮಡಿಕೆಯ ದುಂಡು ಹೆಚ್ಚಿಸಿ ಮಾಡಿದೆ. ನಿಂತಿತು.

ಟೂಲ್‌ರೂಮಿನಲ್ಲಿ ನನ್ನ ಕೆಲಸ ನಾನೇ ಅಳೆದು ಸರಿ ಎಂದುಕೊಂಡು ಕಳಿಸಿದ ಡೈಗಳು ಇನ್ಸ್‌ಪೆಕ್ಷನ್‌ನಿಂದ ವಾಪಸು ಬಂದದ್ದುಂಟು. ಮಾಡಿದವನ ಕಣ್ಣು ಮಾಡಿದ್ದನ್ನು ಕ್ಷಮಿಸುತ್ತದೆ. ಮೋಸದ ಮಾತಲ್ಲ, ಅದು ಕಣ್ಣಿನ ಸ್ವಭಾವ. ಕೈಗಡಿಯಾರದಲ್ಲಿ ತಪ್ಪಾದರೆ ಮುಳ್ಳು ನಿಲ್ಲುತ್ತಿತ್ತು, ಅಷ್ಟೇ. ಇಲ್ಲಿ ಹಾಗಲ್ಲ.

ಪರೀಕ್ಷೆಗೆ ಒಡ್ಡದ ರೆಕ್ಕೆಗಳು

ಹವ್ಯಾಸಿ ವಿಮಾನಗಳ ಚರಿತ್ರೆ ಓದುತ್ತಾ ಹೋದಂತೆ ನನ್ನ ಹೆಂಡತಿ ಕೇಳಿದ ಪ್ರಶ್ನೆಯೇ ಎಲ್ಲೆಲ್ಲೂ ಎದುರಾಯಿತು. 1930ರ ದಶಕದಲ್ಲಿ ಫ್ರಾನ್ಸಿನ ಆನ್ರಿ ಮಿನ್ಯೆ ಎಂಬುವರು ಸಾಮಾನ್ಯ ಜನ ಮನೆಯಲ್ಲೇ ಕಟ್ಟಬಹುದಾದ ಪುಟ್ಟ ವಿಮಾನವೊಂದನ್ನು ರೂಪಿಸಿದರು. ಹೆಸರು ಆಕಾಶದ ಚಿಗಟ. 1934ರಲ್ಲಿ ಅದರ ಪುಸ್ತಕ ಬಂದಾಗ ಯುರೋಪಿನ ಬಡಗಿಗಳು, ಮೆಕ್ಯಾನಿಕ್ಕುಗಳು ಮುಗಿಬಿದ್ದು ಕಟ್ಟಿದರು. ಕೆಲವರು ಸತ್ತರು. ಆಮೇಲೆ ಗಾಳಿಸುರಂಗದಲ್ಲಿ ಪರೀಕ್ಷಿಸಿದಾಗ ಕಂಡದ್ದು: ಮೂತಿ ಒಂದು ಮಿತಿ ದಾಟಿ ಕೆಳಗೆ ಬಾಗಿದರೆ ಎರಡು ರೆಕ್ಕೆಗಳ ನಡುವಿನ ಗಾಳಿಯ ಆಟದಿಂದ ಅದು ಮತ್ತೆ ಮೇಲೇಳುತ್ತಲೇ ಇರಲಿಲ್ಲ. ಕಟ್ಟಿದವರ ಕೈಗೆಲಸ ಚೆನ್ನಾಗಿದ್ದರೂ ವಿನ್ಯಾಸವೇ ಅವರನ್ನು ಕೈಬಿಟ್ಟಿತ್ತು.

ನಮ್ಮಲ್ಲೂ ಒಂದು ಪಾಠವಿದೆ. ಆನೇಕಲ್ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ವೈಮಾನಿಕ ಶಾಸ್ತ್ರದ ನಕ್ಷೆಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಂಗಡಿಗರು ವಿಮಾನ ವಿಜ್ಞಾನದ ಲೆಕ್ಕಕ್ಕೆ ಹಚ್ಚಿ 1974ರಲ್ಲಿ ಪ್ರಕಟಿಸಿದರು. ಅವು ಹಾರಲಾರವು ಎಂಬುದು ಅವರ ನಿರ್ಣಯ. ಭಕ್ತಿಯಿಂದ ಇಟ್ಟುಕೊಂಡ ನಕ್ಷೆಯಾದರೂ ತೂಕ, ಎತ್ತುವ ಬಲ, ಎಳೆತ ಇವುಗಳ ಮುಂದೆ ನಿಂತು ಉತ್ತರ ಹೇಳಬೇಕು ಎಂಬುದನ್ನು ನಮ್ಮವರೇ ಅಷ್ಟು ಹಿಂದೆ ತೋರಿಸಿಕೊಟ್ಟಿದ್ದಾರೆ. ಸ್ವಂತ ವಿನ್ಯಾಸದ ಆಸೆಯನ್ನು ನಾನು ಅಲ್ಲಿಗೆ ಬಿಟ್ಟೆ. ಸಾವಿರಾರು ಜನ ಕಟ್ಟಿ, ಸಾವಿರಾರು ಗಂಟೆ ಹಾರಿಸಿದ ನಕ್ಷೆಯೇ ಬೇಕು.

ವಿನ್ಯಾಸಕ್ಕೆ ಅದಾಯಿತು. ಕೈಗೆಲಸಕ್ಕೆ? ಇಂಗ್ಲೆಂಡಿನಲ್ಲಿ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ನಿನ ಇನ್ಸ್‌ಪೆಕ್ಟರುಗಳು ಕಟ್ಟುವವರ ಮನೆಗೇ ಹೋಗುತ್ತಾರೆ. ರೆಕ್ಕೆಯ ಒಳಭಾಗವನ್ನು ಮುಚ್ಚುವ ಮೊದಲು ನೋಡಿ ಸಹಿ ಹಾಕಬೇಕು. ಕೇರಳದ ಆಲಪ್ಪುಳದ ಎಂಜಿನಿಯರ್ ಅಶೋಕ್ ತಾಮರಾಕ್ಷನ್ ಇಂಗ್ಲೆಂಡಿನಲ್ಲೇ, 2020ರ ಲಾಕ್‌ಡೌನ್ ಕಾಲದಲ್ಲಿ, ದಕ್ಷಿಣ ಆಫ್ರಿಕದ ಸ್ಲಿಂಗ್ ಕಂಪನಿಯ ನಾಲ್ಕು ಸೀಟಿನ ಕಿಟ್ ತರಿಸಿಕೊಂಡು ಕಟ್ಟಿದರು. ಸುಮಾರು ಹದಿನೆಂಟು ತಿಂಗಳು, ಸುಮಾರು 1 ಲಕ್ಷ 40 ಸಾವಿರ ಪೌಂಡು. ಮಗಳ ಹೆಸರನ್ನೇ ಇಟ್ಟು ಜಿ-ದಿಯಾ ಎಂದು ಕರೆದು, 2022ರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಯುರೋಪು ಸುತ್ತಿದರು.

ನಮ್ಮ ದೇಶದ ದಾರಿ ಇನ್ನೂ ಕಷ್ಟದ್ದು. ಮುಂಬಯಿಯ ಪೈಲಟ್ ಕ್ಯಾಪ್ಟನ್ ಅಮೋಲ್ ಯಾದವ್ ತಮ್ಮ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ಫೆಬ್ರವರಿಯಲ್ಲಿ ಅದನ್ನು ಮುಂಬಯಿಯ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನ ನೋಡಿದರು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಅದನ್ನು ನೋಂದಾಯಿಸಿದ್ದು 2017ರ ನವೆಂಬರಿನಲ್ಲಿ. ಹಾರಲು ಪರವಾನಗಿ ಸಿಕ್ಕಿದ್ದು 2019ರ ಅಕ್ಟೋಬರಿನಲ್ಲಿ. ಅವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಅವರ ಕತೆಯಿಂದ ಕಲಿತದ್ದು ಇಷ್ಟು: ಕಾಗದದ ಕೆಲಸವೂ ಕಟ್ಟುವ ಕೆಲಸದ ಒಂದು ಭಾಗ. ಪೆಟ್ಟಿಗೆ ತರಿಸುವ ಮೊದಲೇ ಯಾವ ವರ್ಗದಲ್ಲಿ ನೋಂದಣಿ, ಯಾವ ಹಂತದಲ್ಲಿ ಯಾರು ನೋಡಬೇಕು ಎಂಬುದನ್ನು ಬರವಣಿಗೆಯಲ್ಲಿ ಕೇಳಿಕೊಳ್ಳಬೇಕು. 1934ರ ಹಳೆಯ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಹಳೆಯ ಪುಸ್ತಕ ನೋಡಿ ಲೆಕ್ಕ ಹಾಕಿದರೆ ಎಡವುತ್ತೇವೆ. ನನ್ನ ಪ್ರಶ್ನೆಗಳನ್ನು ಒಂದು ಪಟ್ಟಿ ಮಾಡಿ ಡಿಜಿಸಿಎಗೆ ಈಗಾಗಲೇ ಕಳಿಸಿದ್ದೇನೆ.

ಹಾರಿಸುವವರು ಯಾರು ಎಂದು ನೆಂಟರು ಕೇಳುತ್ತಾರೆ. ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಬೇಕು, ವೈದ್ಯರ ಪರೀಕ್ಷೆಯಲ್ಲಿ ಪಾಸಾಗಬೇಕು. ನನಗೆ ಈಗ ಅರವತ್ತೈದು. ಹೊಸ ವಿಮಾನದ ಮೊದಲ ಹಾರಾಟ ಪಳಗಿದ ಪೈಲಟ್ಟಿನ ಕೆಲಸ. ಆ ಸೀಟು ನನ್ನದಲ್ಲ ಎಂಬುದನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡಿದ್ದೇನೆ. ಪಕ್ಕದ ಸೀಟಿನಲ್ಲಿ ಒಂದು ದಿನ ಕೂತರೆ ಸಾಕು.

ರಿವೆಟ್ಟಿನ ಆ ಕಡೆ

ನನ್ನ ಷಡ್ಡಕರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಶೀಟ್ ಮೆಟಲ್ ಕೆಲಸ ಮಾಡಿ ನಿವೃತ್ತರಾದವರು. ದಸರೆಯ ರಜಕ್ಕೆ ಬಂದಿದ್ದಾಗ ಅವರನ್ನು ಕಾರಿನಲ್ಲಿ ಗುಬ್ಬಿ ಕಡೆ ಕರೆದುಕೊಂಡು ಹೋಗಿದ್ದೆ. ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರವರಿ 6ರಂದು ಉದ್ಘಾಟನೆಯಾದದ್ದು. ರಸ್ತೆಯಿಂದಲೇ ಆ ಗೋಡೆ ನೋಡುತ್ತಾ ಅವರು, "ಅಣ್ಣಾ, ಇಲ್ಲಿ ಈಗ ಒಂದು ಬೋಲ್ಟ್ ಬಿಗಿದ್ರೂ ಎರಡು ಸಹಿ ಬೇಕು. ನಿಮ್ಮ ಶೆಡ್ಡಲ್ಲೂ ಹಂಗೇ ಇಟ್ಕಳಿ" ಎಂದರು.

ಅವತ್ತು ಸಂಜೆ ಶೆಡ್ಡಿನಲ್ಲಿ ನನಗೆ ರಿವೆಟ್ ಹೊಡೆಯಲು ಕಲಿಸಿದರು. ತೂತಿನ ಅಂಚಿನ ಬರ್ರನ್ನು ಎರಡೂ ಕಡೆ ತೆಗೆಯಬೇಕು. ಅದು ಉಳಿದರೆ ಬಿರುಕಿಗೆ ಅದೇ ಬೀಜ. ಹಾಳೆಗಳನ್ನು ಕ್ಲೀಕೋ ಎಂಬ ಸ್ಪ್ರಿಂಗ್ ಪಿನ್ನುಗಳಿಂದ ಒತ್ತಿ ಹಿಡಿಸಬೇಕು. ರಿವೆಟ್ಟಿನ ಸಿದ್ಧ ತಲೆಯ ಮೇಲೆ ಗಾಳಿ ಗನ್ ಬಡಿಯುತ್ತದೆ. ಹಿಂಬದಿಯಿಂದ ಇನ್ನೊಬ್ಬರು ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದಿರುತ್ತಾರೆ. ಅದಕ್ಕೆ ಬಕಿಂಗ್ ಬಾರ್ ಅನ್ನುತ್ತಾರೆ. ಆ ಗಟ್ಟಿಗೆ ಅಪ್ಪಳಿಸಿ ಬಾಲ ಚಪ್ಪಟೆಯಾಗಿ ಇನ್ನೊಂದು ತಲೆ ಮೂಡುತ್ತದೆ. 3.2 ಮಿಲಿಮೀಟರ್ ರಿವೆಟ್ಟಾದರೆ ಆ ತಲೆಯ ಅಗಲ ಅದರ ಒಂದೂವರೆ ಪಟ್ಟು, ಅಂದರೆ 4.8 ಮಿಲಿಮೀಟರ್, ದಪ್ಪ ಅದರ ಅರ್ಧ, 1.6. ಕಡಿಮೆ ಬಡಿದರೆ ಹಿಡಿತವಿಲ್ಲ. ಹೆಚ್ಚು ಬಡಿದರೆ ಹಾಳೆ ಉಬ್ಬುತ್ತದೆ. ನಾನು ಉಕ್ಕಿನ ಪಟ್ಟಿಯಲ್ಲಿ ತೂತು ಮತ್ತು ಕಚ್ಚು ಮಾಡಿ ಒಂದು ಗೇಜ್ ಅರೆದುಕೊಂಡೆ. ಟೂಲ್‌ರೂಮಿನ ಕೈ ಅದನ್ನು ಮರೆತಿರಲಿಲ್ಲ.

ಷಡ್ಡಕರು ಊರಿಗೆ ಹೋದ ಮೇಲೆ ಬಾರ್ ಹಿಡಿಯಲು ಹೆಂಡತಿಯೇ ಬಂದಳು. ಕಿವಿಗೆ ಹತ್ತಿ, ಅದರ ಮೇಲೆ ಮಫ್, ಕಣ್ಣಿಗೆ ಕನ್ನಡಕ. ಹಾಳೆಯ ಈ ಕಡೆ ನಾನು, ಆ ಕಡೆ ಅವಳು. ಆಗಲೇ ನನಗೆ ಆ ಕೆಲಸದ ರೀತಿ ಹೊಳೆದದ್ದು. ಗನ್ ಹಿಡಿದವನಿಗೆ ತಾನು ಮಾಡಿದ ತಲೆ ಕಾಣುವುದೇ ಇಲ್ಲ. ಅದು ಕಾಣುವುದು ಬಾರ್ ಹಿಡಿದವರಿಗೆ ಮಾತ್ರ. ಒಂದೊಂದು ರಿವೆಟ್ಟಿಗೂ ಅವಳು ಗೇಜ್ ಇಟ್ಟು, "ಸರಿ" ಎನ್ನುತ್ತಿದ್ದಳು. ಹನ್ನೊಂದನೆಯದಕ್ಕೆ ಗೇಜ್ ಎತ್ತಲೇ ಇಲ್ಲ.

"ಸೊಟ್ಟ ಆಗಿದೆ. ತೆಗೀರಿ."

"ಎಷ್ಟು ಸೊಟ್ಟ? ಗೇಜ್ ಇಡು."

"ಇಟ್ರೆ ಕೂರುತ್ತೆ. ಒಂದ್ ಕಡೆ ಒರಗಿದೆ. ತೆಗೀರಿ ಅಂದೆ."

ತೆಗೆಯುವುದೂ ಒಂದು ವಿದ್ಯೆ. ಸಿದ್ಧ ತಲೆಯ ನಡುಮಧ್ಯಕ್ಕೆ ಪಂಚ್ ಇಟ್ಟು ಗುರುತು ಮಾಡಿ, ತಲೆಯ ಆಳದಷ್ಟೇ ಡ್ರಿಲ್ ಇಳಿಸಿ, ತಲೆಯನ್ನು ಮುರಿದು, ಉಳಿದ ಕಡ್ಡಿಯನ್ನು ಹಿಂದಕ್ಕೆ ತಳ್ಳಬೇಕು. ಡ್ರಿಲ್ ಜಾರಿದರೆ ತೂತು ದೊಡ್ಡದಾಗಿ ಹಾಳೆಯೇ ಕೆಡುತ್ತದೆ. ಅರ್ಧ ಗಂಟೆ ಹಿಡಿಯಿತು. ತೆಗೆದು ನೋಡಿದರೆ ಅವಳು ಹೇಳಿದ್ದು ನಿಜ. ಕಡ್ಡಿ ಒಳಗೇ ಬಾಗಿತ್ತು. 48ರಲ್ಲಿ ಅವಳು ಏಳನ್ನು ತೆಗೆಸಿದಳು. ಏಳನ್ನೂ ದಿನಚರಿ ಪುಸ್ತಕದಲ್ಲಿ ನಂಬರು ಹಾಕಿ ಬರೆದು, ಎದುರಿಗೆ ಸಹಿ ಹಾಕಿದಳು.

ಅಭ್ಯಾಸದ ಆ ತುಂಡು ಈಗ ವೈಸಿನ ಮೇಲಿನ ಮೊಳೆಗೆ ನೇತುಹಾಕಿದೆ. ಬಾಲದ ಕಿಟ್ಟಿಗೆ ಬೇಕಾದ ಹಣವನ್ನು ಬೇರೆ ಖಾತೆಯಲ್ಲಿಟ್ಟಿದ್ದೇನೆ. ಡಿಜಿಸಿಎಯಿಂದ ಬರವಣಿಗೆಯ ಉತ್ತರ ಬಂದ ದಿನ ಆರ್ಡರ್ ಕೊಡುವುದೆಂದು ತೀರ್ಮಾನವಾಗಿದೆ. ಬಾಲದ ಪ್ರತಿಯೊಂದು ಭಾಗದ ಒಳಗನ್ನು ಹಾಳೆಯಿಂದ ಮುಚ್ಚುವ ಮೊದಲು ಷಡ್ಡಕರು ಬೆಂಗಳೂರಿನಿಂದ ಬಂದು ನೋಡುತ್ತಾರೆ. ಅವರು ಸರಿ ಎನ್ನುವವರೆಗೆ ಮುಂದಿನ ಹಂತವಿಲ್ಲ. ಬಾಲ ಮುಗಿದಾಗ ನಾವು ಮೂವರೂ ಕೂತು ಮತ್ತೆ ಕೇಳಿಕೊಳ್ಳುತ್ತೇವೆ, ರೆಕ್ಕೆ ತರಿಸುವುದೋ ಬೇಡವೋ ಎಂದು.

ಇದನ್ನು ಓದುವ ಯಾರಿಗಾದರೂ ಇಂಥ ಆಸೆಯಿದ್ದರೆ ನನ್ನ ಮಾತು ಇಷ್ಟೇ: ಜಾಗ ಅಳೆಯಿರಿ, ಹಣ ಎಣಿಸಿ, ಕಾನೂನು ಕೇಳಿ. ಅದೆಲ್ಲಕ್ಕಿಂತ ಮೊದಲು, ತೆಗೀರಿ ಎಂದು ನಿಮಗೆ ಹೇಳಬಲ್ಲವರನ್ನು ಹುಡುಕಿಕೊಳ್ಳಿ. ಅವರು ಹೇಳಿದಾಗ ತೆಗೆಯಲು ಮನಸ್ಸಿದೆಯೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿದಿದ್ದವಳೇ ಈಗ ಹಾಳೆಯ ಆ ಬದಿಯಲ್ಲಿ ಗೇಜ್ ಹಿಡಿದು ನಿಂತಿದ್ದಾಳೆ.